ಚಿತ್ರದುರ್ಗದ ಬಂಡೆ-ಬಯಲಿನ ಕಪ್ಪು-ಬಿಳುಪು ಫೋಟೊ: ತೆಗೆಯುವುದರಿಂದ ಪ್ರಿಂಟ್‌ವರೆಗೆ ಹಂತ ಹಂತವಾಗಿ

ಚಿತ್ರದುರ್ಗದ ಕೋಟೆ ಹತ್ತಿ ಬಂದವರು ತಮ್ಮ ಕಪ್ಪು-ಬಿಳುಪು ಫೋಟೊ ತೋರಿಸುವಾಗ ಒಂದೇ ದೂರು ಹೇಳುತ್ತಾರೆ. ಕಲರ್‌ನಲ್ಲಿ ಚೆನ್ನಾಗಿತ್ತು, ಬಣ್ಣ ತೆಗೆದ ಕೂಡಲೇ ಮಂಕಾಯಿತು. ಬಂಡೆ, ಆಕಾಶ, ಗಿಡ ಮೂರೂ ಒಂದೇ ಬೂದು. ಆಮೇಲೆ ಕಾಂಟ್ರಾಸ್ಟ್ ಸ್ಲೈಡರ್ ಎಳೆಯುತ್ತಾರೆ. ನೆರಳು ಇದ್ದಿಲಾಗುತ್ತದೆ, ಮೋಡ ಸುಣ್ಣವಾಗುತ್ತದೆ, ಮಧ್ಯದ ಮಂಕು ಮಾತ್ರ ಹಾಗೇ ಇರುತ್ತದೆ.

ಕಾರಣ ಸರಳ. ನೀಲಿ ಆಕಾಶ, ಹಸಿರು ಬೇವು, ಬೂದು ಬಂಡೆ ಕಣ್ಣಿಗೆ ಬೇರೆ ಬೇರೆ ಕಂಡರೂ ಅವುಗಳ ಬೆಳಕಿನ ಮಟ್ಟ ಒಂದೇ ಇರಬಹುದು. ಬಣ್ಣ ಹೋದರೆ ಅವನ್ನು ಬೇರೆ ಮಾಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಈ ಕೆಲಸದ ತಿರುಳು ಬೂದುಗಳನ್ನು ಒಂದರಿಂದ ಒಂದು ಬಿಡಿಸುವುದು. ಮೊದಲು ಬೆಳಕಿನಿಂದ, ಆಮೇಲೆ ನಿಲ್ಲುವ ಜಾಗದಿಂದ, ಅದಾದ ಮೇಲೆ ಬಣ್ಣದ ಸ್ಲೈಡರಿನಿಂದ ಬಿಡಿಸಬೇಕು. ಕಾಂಟ್ರಾಸ್ಟ್ ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಸೋಲುವುದು ಈ ಕ್ರಮವನ್ನು ತಿರುಗಿಸಿದ್ದರಿಂದ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ರಾ ಫೈಲ್ (ಕ್ಯಾಮೆರಾ ಹಿಡಿದ ಮಾಹಿತಿಯೆಲ್ಲ ಇರುವ, ಸಂಸ್ಕರಿಸದ ಫೈಲ್) ತೆಗೆಯುವ ಕ್ಯಾಮೆರಾ ಅಥವಾ ಫೋನ್ ಬೇಕು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384. ಆಕಾಶವನ್ನು ಕಪ್ಪಾಗಿಸಲು ನೀಲಿಯನ್ನು ಎಳೆದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಜೆಪೆಗ್ ಆಕಾಶ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಟ್ರೈಪಾಡ್ ಇದ್ದರೆ ಒಳ್ಳೆಯದು. ಆದರೆ ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್ ಒಳಗೆ ಒಯ್ಯಬಹುದೇ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿ. ಡ್ರೋನ್ ಅನುಮತಿ ಇಲ್ಲದೆ ಬೇಡವೇ ಬೇಡ. ಚಿತ್ರದುರ್ಗದ ಪಕ್ಕದ ಕಾಡುಬೆಟ್ಟ ಜೋಗಿಮಟ್ಟಿಗೆ ಹೋಗುವವರು ಅರಣ್ಯ ಇಲಾಖೆಯವರ ಹತ್ತಿರ ಸಮಯ, ನಿಯಮ ಕೇಳಿಕೊಂಡು ಹೊರಡಿ.

ಪ್ರತಿಫಲನ ತಗ್ಗಿಸಿ ಆಕಾಶವನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಒಂದು ಇರಲಿ. ಲೆನ್ಸ್ ಒರೆಸುವ ಬಟ್ಟೆ, ತಲೆಗೆ ಟೋಪಿ, ಜಾಸ್ತಿ ನೀರು. ಎಡಿಟಿಂಗಿಗೆ ಫೋನ್‌ನಲ್ಲಿ ಸ್ನ್ಯಾಪ್‌ಸೀಡ್ ಅಥವಾ ಲೈಟ್‌ರೂಂ, ಕಂಪ್ಯೂಟರ್‌ನಲ್ಲಿ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಸಾಕು. ಕಡೆಯ ಎರಡೂ ಉಚಿತ.

## ಹಂತ 1: ಕ್ಯಾಮೆರಾವನ್ನು ಕಪ್ಪು-ಬಿಳುಪಿನಲ್ಲಿ ನೋಡಲು ಹಚ್ಚಿ

ಫೈಲ್ ಮಾದರಿಯನ್ನು ರಾ ಮತ್ತು ಜೆಪೆಗ್ ಎರಡಕ್ಕೂ ಇಡಿ. ಪಿಕ್ಚರ್ ಸ್ಟೈಲನ್ನು ಮಾನೋಕ್ರೋಮ್ ಮಾಡಿ. ಪರದೆಯ ಮೇಲೆ ಕಪ್ಪು-ಬಿಳುಪು ಕಾಣುತ್ತದೆ, ರಾ ಫೈಲಿನಲ್ಲಿ ಬಣ್ಣ ಪೂರ್ತಿ ಉಳಿಯುತ್ತದೆ. ಆ ಬಣ್ಣ ನಮಗೆ ಹಂತ 6ರಲ್ಲಿ ಬೇಕು. ಬರೀ ಮಾನೋಕ್ರೋಮ್ ಜೆಪೆಗ್ ತೆಗೆದವರಿಗೆ ಆ ಹಂತವೇ ಇರುವುದಿಲ್ಲ.

ಫೋನ್‌ನಲ್ಲಾದರೆ ಪ್ರೊ ಮೋಡ್‌ಗೆ ಹೋಗಿ ರಾ ಆನ್ ಮಾಡಿ. ಎಚ್‌ಡಿಆರ್ ತಾನಾಗಿ ಆನ್ ಆಗುವ ಫೋನ್‌ಗಳು ನೆರಳನ್ನೆಲ್ಲ ಎತ್ತಿ, ಬೆಳಕನ್ನೆಲ್ಲ ಇಳಿಸಿ ಎಲ್ಲವನ್ನೂ ನಡುಮಟ್ಟಕ್ಕೆ ತರುತ್ತವೆ. ಕಪ್ಪು-ಬಿಳುಪಿಗೆ ಇದು ದೊಡ್ಡ ಶತ್ರು. ಆಫ್ ಮಾಡಲು ಆದರೆ ಮಾಡಿ.

## ಹಂತ 2: ಬೆಳಕಿನ ಸಮಯ ಆರಿಸಿ

ನಮ್ಮ ಗ್ರಾನೈಟ್ ಬಂಡೆಗೆ ತನ್ನದೇ ಬಣ್ಣ ಬಹಳ ಕಡಿಮೆ. ಬೆಳಗಿನ ಬಿಸಿಲು ಬಿದ್ದಾಗ ಬಿಸಿಲಿನ ಕಡೆ ಕಿತ್ತಳೆ ಛಾಯೆ ಬರುತ್ತದೆ. ನೆರಳಿನ ಕಡೆಗೆ ಆಕಾಶದ ಬೆಳಕು ಬೀಳುವುದರಿಂದ ಅದು ನೀಲಿಗೆ ತಿರುಗುತ್ತದೆ. ಹೀಗೆ ಒಂದೇ ಬಂಡೆಯ ಎರಡು ಮುಖಕ್ಕೆ ಎರಡು ಬಣ್ಣ. ಎಡಿಟಿಂಗಿನಲ್ಲಿ ಆ ಎರಡನ್ನು ಬೇರೆ ಬೇರೆಯಾಗಿ ಹಿಡಿಯಬಹುದು. ಮಧ್ಯಾಹ್ನದ ಬಂಡೆಯಲ್ಲಿ ಈ ಬಣ್ಣವಿಲ್ಲ. ಅದರ ಮೇಲೆ ಯಾವ ಸ್ಲೈಡರ್ ಎಳೆದರೂ ಹೆಚ್ಚೇನೂ ಆಗುವುದಿಲ್ಲ. ಹನ್ನೆರಡಕ್ಕೆ ತೆಗೆದ ಕೋಟೆಯ ಫೋಟೊ ಎಡಿಟಿಂಗಿನಲ್ಲಿ ಉಳಿಯದಿರಲು ಇದೇ ಕಾರಣ.

ಚಿತ್ರದುರ್ಗ ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆರಳು ಕಾಲಬುಡದಲ್ಲಿ ಮುದುಡುತ್ತದೆ, ಗೋಡೆಯ ಕಲ್ಲುಗಳ ಉಬ್ಬು-ತಗ್ಗು ಕಾಣುವುದೇ ಇಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ಸುಮಾರು 52 ಡಿಗ್ರಿ ಎತ್ತರಕ್ಕೆ ನಿಲ್ಲುತ್ತಾನೆ. ಆಗ ಬೆಳಿಗ್ಗೆ ಒಂಬತ್ತೂವರೆಯವರೆಗೂ ಓರೆ ಬೆಳಕು ಸಿಗುತ್ತದೆ. ಬೇಸಿಗೆಯಲ್ಲಿ ಎಂಟಕ್ಕೇ ಮುಗಿಯಿತು ಅಂದುಕೊಳ್ಳಿ.

ಕೋಟೆಬೆಟ್ಟ ಊರಿನ ಪಡುವಣಕ್ಕಿದೆ. ಹಾಗಾಗಿ ಊರ ಕಡೆಯ ಗೋಡೆ, ಬತೇರಿಗಳಿಗೆ (ಕಾವಲು ಬುರುಜುಗಳಿಗೆ) ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಸೂರ್ಯ ನಿಮ್ಮ ಬೆನ್ನಿಗೆ ಇರಬಾರದು, ಭುಜದ ಪಕ್ಕಕ್ಕೆ ಇರಬೇಕು. ಬೆನ್ನ ಹಿಂದಿನ ಬೆಳಕು ಬಂಡೆಯನ್ನು ಚಪ್ಪಟೆ ಮಾಡುತ್ತದೆ.

ನನ್ನನ್ನು ಕೇಳಿದರೆ ಜೂನ್‌ನಿಂದ ಸೆಪ್ಟೆಂಬರ್ ಈ ಕೆಲಸಕ್ಕೆ ಅತ್ಯುತ್ತಮ ಕಾಲ. ನಮ್ಮಲ್ಲಿ ಮಳೆ ಕಡಿಮೆ, ಮೋಡದ ಓಟ ಜಾಸ್ತಿ. ಪಡುವಣದಿಂದ ಬರುವ ಮೋಡದ ನಡುವೆ ಬಿಸಿಲಿನ ತುಂಡು ಬಯಲಿನ ಮೇಲೆ ಓಡುತ್ತದೆ. ಒಂದು ಬತೇರಿಗೆ ಬಿಸಿಲು, ಹಿಂದಿನ ಗುಡ್ಡಕ್ಕೆ ನೆರಳು. ಇಂಥ ಬೇರ್ಪಡೆ ಯಾವ ಆ್ಯಪ್‌ನಿಂದಲೂ ಬರುವುದಿಲ್ಲ. ಜಾಗ ಹಿಡಿದು ಕಾಯಬೇಕು, ಅಷ್ಟೇ. ಮಳೆ ನಿಂತ ಕೂಡಲೇ ಹೊರಡುವವರಿಗೆ ಇನ್ನೊಂದು ಲಾಭ ಇದೆ. ಒದ್ದೆ ಗ್ರಾನೈಟ್ ಕಪ್ಪಾಗಿ ಹೊಳೆಯುತ್ತದೆ, ಬಂಡೆಯ ಮೇಲಿನ ದೊಣೆಗಳಲ್ಲಿ ನೀರು ನಿಂತಿರುತ್ತದೆ.

ಎಚ್ಚರ: ಒದ್ದೆ ಬಂಡೆ ಜಾರುತ್ತದೆ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟುಕೊಂಡು ಒಂದು ಹೆಜ್ಜೆಯನ್ನೂ ಹಿಂದೆ ಇಡಬೇಡಿ. ಗುಡುಗು ಕೇಳಿದರೆ ಬೆಟ್ಟದ ತುದಿಯಲ್ಲಿ ನಿಲ್ಲದೆ ಇಳಿಯಿರಿ.

## ಹಂತ 3: ಚೌಕಟ್ಟು ಕಟ್ಟಿ

ಕ್ಯಾಮೆರಾ ಎತ್ತುವ ಮೊದಲು ಕಣ್ಣು ಅರೆಮುಚ್ಚಿ ದೃಶ್ಯ ನೋಡಿ. ವಿವರಗಳೆಲ್ಲ ಕರಗಿ ನಾಲ್ಕೈದು ದೊಡ್ಡ ಆಕಾರಗಳು ಉಳಿಯುತ್ತವೆ. ಕೆಲವು ಕಪ್ಪು, ಕೆಲವು ಬೂದು, ಕೆಲವು ಬಿಳಿ. ಎಲ್ಲ ಸೇರಿ ಒಂದೇ ಮುದ್ದೆಯಾಗಿ ಕಂಡರೆ ಆ ಜಾಗದಲ್ಲಿ ಫೋಟೊ ಇಲ್ಲ. ಬೇರೆ ಕಡೆ ತಿರುಗಿ.

ಕಲರ್ ಫೋಟೊದಲ್ಲಿ ಕೆಂಪು ಸೀರೆ ಉಟ್ಟವರು ಎಲ್ಲಿ ನಿಂತರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಪ್ಪು-ಬಿಳುಪಿನಲ್ಲಿ ಕಣ್ಣು ಹೋಗುವುದು ಅತಿ ಕಪ್ಪು ಮತ್ತು ಅತಿ ಬಿಳಿ ಅಕ್ಕಪಕ್ಕ ಇರುವ ಜಾಗಕ್ಕೆ. ಆ ಜಾಗ ಯಾವುದು ಎಂದು ಮೊದಲು ನೀವೇ ತೀರ್ಮಾನಿಸಿ. ಅದು ಒಂದೇ ಇರಲಿ.

ಬಂಡೆಗಳನ್ನು ಬಿಡಿಸಿ. ಕೋಟೆಯಲ್ಲಿ, ಚಂದ್ರವಳ್ಳಿಯಲ್ಲಿ ಬಹಳ ಜನ ಎಡವುವುದು ಇಲ್ಲೇ. ಮುಂದಿನ ಗುಂಡು, ಹಿಂದಿನ ಗುಂಡು, ಅದರ ಹಿಂದಿನ ಗೋಡೆ, ಎಲ್ಲ ಒಂದೇ ಕಲ್ಲು, ಒಂದೇ ಬೂದು. ಫೋಟೊದಲ್ಲಿ ಅವು ಅಂಟಿಕೊಂಡು ಒಂದು ಆಕಾರವಾಗುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಮಂಡಿಯೂರಿ ನೋಡಿ, ತಲೆಯ ಮೇಲೆ ಎತ್ತಿ ನೋಡಿ. ಬತೇರಿಯ ತುದಿ ಮುಂದಿನ ಬಂಡೆಗೆ ತಾಕದೆ ಆಕಾಶದಲ್ಲಿ ಬಿಡಿಯಾಗಿ ನಿಲ್ಲಬೇಕು. ಎರಡು ಬಂಡೆಗಳ ನಡುವೆ ಬೆರಳಗಲ ಆಕಾಶ ಕಂಡರೂ ಸಾಕು. ಅದೂ ಆಗದಿದ್ದರೆ ಒಂದು ಬಂಡೆಗೆ ಬಿಸಿಲು, ಇನ್ನೊಂದಕ್ಕೆ ನೆರಳು ಬರುವವರೆಗೆ ಕಾಯಿರಿ.

ಗೋಡೆಯ ಸಾಲನ್ನು ಬಳಸಿ, ಆದರೆ ಅದು ಎಲ್ಲಿಗಾದರೂ ತಲುಪಬೇಕು. ಏಳು ಸುತ್ತಿನ ಕೋಟೆ ಅಂದ ಮೇಲೆ ಗೋಡೆಗಳಿಗೆ ಬರವಿಲ್ಲ. ಬಂಡೆಯಿಂದ ಬಂಡೆಗೆ ಏರಿಳಿಯುತ್ತಾ ಹೋಗುವ ಗೋಡೆ ಕಣ್ಣನ್ನು ಎಳೆದುಕೊಂಡು ಹೋಗುತ್ತದೆ. ಅದರ ಕೊನೆಯಲ್ಲಿ ಒಂದು ಬತೇರಿ, ಒಂದು ದೀಪಸ್ತಂಭ, ಒಬ್ಬ ಮನುಷ್ಯ, ಏನಾದರೂ ಇರಲಿ. ಗೋಡೆ ಚೌಕಟ್ಟಿನ ಅಂಚಿನಿಂದ ಹೊರಗೆ ಓಡಿಹೋದರೆ ನೋಡುವವರೂ ಅದರ ಜೊತೆಗೇ ಹೊರಗೆ ಹೋಗುತ್ತಾರೆ.

ಮುಂಭಾಗಕ್ಕೆ ದೊಣೆ ಹುಡುಕಿ. ಕಪ್ಪು ಬಂಡೆಯ ನಡುವೆ ಆಕಾಶ ಹಿಡಿದ ನೀರು ಬೆಳ್ಳನೆಯ ಆಕಾರವಾಗಿ ಕಾಣುತ್ತದೆ. ಕ್ಯಾಮೆರಾ ತಗ್ಗಿಸಿದಷ್ಟೂ ಪ್ರತಿಬಿಂಬ ದೊಡ್ಡದಾಗುತ್ತದೆ. ಪೋಲರೈಸರ್ ಹಾಕಿದ್ದರೆ ಇಲ್ಲಿ ಬಿಚ್ಚಿಡಿ, ಇಲ್ಲದಿದ್ದರೆ ಅದು ಪ್ರತಿಬಿಂಬವನ್ನೇ ಅಳಿಸಿಬಿಡಬಹುದು.

ಗಾಳಿಯಂತ್ರಗಳು. ಚಿತ್ರದುರ್ಗದ ಗುಡ್ಡಗಳ ಮೇಲಿನ ಬಿಳಿ ಗಾಳಿಯಂತ್ರಗಳನ್ನು ತೆಗೆಯಲು ಎಲ್ಲರಿಗೂ ಆಸೆ. ಬಿಳಿ ಮೋಡದ ಮುಂದೆ ಅವು ಮಾಯವಾಗುತ್ತವೆ. ಹಿಂದೆ ಕಾರ್ಮೋಡ ಅಥವಾ ಗಾಢ ನೀಲಿ ಆಕಾಶ ಇರಲೇಬೇಕು, ಕಂಬದ ಮೇಲೆ ನೇರ ಬಿಸಿಲು ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಬಿಡಿ.

ಬಯಲು. ಚಳ್ಳಕೆರೆ ಕಡೆಯ ಕಾವಲು (ಹುಲ್ಲುಗಾವಲು), ಶೇಂಗಾ ಹೊಲ, ದಾವಣಗೆರೆ ಸುತ್ತಿನ ಮೆಕ್ಕೆಜೋಳದ ಎರೆ ಭೂಮಿ ಇವುಗಳಲ್ಲಿ ಎತ್ತರದ ವಸ್ತು ಕಡಿಮೆ. ಇಲ್ಲಿ ದಿಗಂತವನ್ನು ನಡುವೆ ಇಡಬೇಡಿ. ಮೋಡ ಚೆನ್ನಾಗಿದ್ದರೆ ಮುಕ್ಕಾಲು ಪಾಲು ಆಕಾಶಕ್ಕೆ ಕೊಡಿ, ಕೆಳಗೆ ಒಂದು ಜಾಲಿಮರ ಸಾಕು. ಆಕಾಶ ಬರಿದಾಗಿದ್ದರೆ ಅದಕ್ಕೆ ಬರೀ ಒಂದು ಪಟ್ಟಿ ಕೊಟ್ಟು, ಉತ್ತ ಸಾಲುಗಳನ್ನು ಮುಂದೆ ತನ್ನಿ. ಜನವರಿ-ಫೆಬ್ರುವರಿಯ ಖಾಲಿ ಆಕಾಶಕ್ಕೆ ಅರ್ಧ ಫೋಟೊ ಬಿಟ್ಟುಕೊಟ್ಟರೆ ಅರ್ಧ ಫೋಟೊ ದಂಡ, ಅಲ್ವಾ?

ಗುಂಡಿ ಒತ್ತುವ ಮೊದಲು ನಾಲ್ಕೂ ಅಂಚು ಒಮ್ಮೆ ನೋಡಿ. ಮೂಲೆಯಲ್ಲಿ ಬೆಳ್ಳಗೆ ಇಣುಕುವ ಪ್ಲಾಸ್ಟಿಕ್ ಬಾಟಲಿ ಕಲರ್‌ನಲ್ಲಿ ಅಷ್ಟಾಗಿ ಕಾಣದಿದ್ದರೂ ಕಪ್ಪು-ಬಿಳುಪಿನಲ್ಲಿ ಮೊದಲು ಕಾಣುವುದೇ ಅದು. ಎತ್ತಿ ಚೀಲಕ್ಕೆ ಹಾಕಿಕೊಂಡರೆ ಜಾಗವೂ ಚೊಕ್ಕಟ.

## ಹಂತ 4: ಎಕ್ಸ್‌ಪೋಶರ್

ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್/8 ಅಥವಾ ಎಫ್/11. ಎಫ್/16 ದಾಟಿದರೆ ಚೂಪು ಕಡಿಮೆಯಾಗತೊಡಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100. ಟ್ರೈಪಾಡ್ ಇದ್ದರೆ 2 ಸೆಕೆಂಡ್ ಟೈಮರ್ ಹಾಕಿ. ಬೆಟ್ಟದ ಮೇಲೆ ಗಾಳಿ ಜೋರು. ಟ್ರೈಪಾಡಿನ ನಡುಗಂಬ ಎತ್ತಬೇಡಿ, ಕಾಲುಗಳನ್ನು ಅಗಲಿಸಿ ತಗ್ಗಿಗೆ ನಿಲ್ಲಿಸಿ.

ಬೆಳಕಿನ ಅಳತೆ ಮೋಡದ ಮೇಲೆ ಮಾಡಿ. ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಗೋಡೆಗೆ ಹತ್ತಿರ ಹೋಗಬೇಕು, ಅಪ್ಪಳಿಸಬಾರದು. ಮೋಡದ ಮೇಲೆ ಮಿಣುಕು ಎಚ್ಚರಿಕೆ ಬಂದರೆ ಎಕ್ಸ್‌ಪೋಶರನ್ನು ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿ, ಮತ್ತೆ ತೆಗೆಯಿರಿ. ಪೂರ್ತಿ ಬಿಳಿಯಾಗಿಬಿಟ್ಟ ಮೋಡದಲ್ಲಿ ವಿವರ ತರಲು ಯಾವ ಸಾಫ್ಟ್‌ವೇರಿಗೂ ಆಗುವುದಿಲ್ಲ. ಕಪ್ಪಾದ ನೆರಳಿನಿಂದ ರಾ ಫೈಲಿನಲ್ಲಿ ಸ್ವಲ್ಪ ವಿವರ ಎತ್ತಬಹುದು. ಫೋನ್‌ನಲ್ಲಿ ಮೋಡದ ಮೇಲೆ ಬೆರಳಿಟ್ಟು ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ.

ಪೋಲರೈಸರ್ ಹೆಚ್ಚು ಕೆಲಸ ಮಾಡುವುದು ಸೂರ್ಯನಿಂದ 90 ಡಿಗ್ರಿ ಪಕ್ಕದ ಆಕಾಶದಲ್ಲಿ. ತೀರ ವೈಡ್ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಕಡೆ ಮಾತ್ರ ಕಪ್ಪಾಗಿ ಕಲೆಯಂತೆ ಕಾಣುತ್ತದೆ. ಅಂಥ ಕಡೆ ಬೇಡ.

ಸೂಳೆಕೆರೆಯಂಥ ದೊಡ್ಡ ನೀರಿನ ಮುಂದೆ ಅಲೆಗಳನ್ನು ಸಪಾಟು ಮಾಡಬೇಕೆಂದರೆ 10 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ. 1/60 ಸೆಕೆಂಡ್ ಇದ್ದ ಶಟರ್ ಸಮಯ ಸುಮಾರು 17 ಸೆಕೆಂಡ್ ಆಗುತ್ತದೆ. ಫೋಕಸ್ ಮಾಡಿ, ಮ್ಯಾನುವಲ್‌ಗೆ ತಂದು, ಆಮೇಲೆ ಫಿಲ್ಟರ್ ಹಾಕಿ.

## ಹಂತ 5: ಬಣ್ಣ ಇರುವಾಗಲೇ ತಯಾರಿ

ಎಡಿಟಿಂಗ್ ಕ್ರಮ ಹೀಗಿರಲಿ: ನೇರ ಮಾಡುವುದು ಮತ್ತು ಕ್ರಾಪ್, ಧೂಳಿನ ಚುಕ್ಕೆ ತೆಗೆಯುವುದು, ವೈಟ್ ಬ್ಯಾಲೆನ್ಸ್ (ಬಣ್ಣದ ಬೆಚ್ಚಗೆ-ತಣ್ಣಗೆ ಛಾಯೆ ಹೊಂದಿಸುವುದು), ಎಕ್ಸ್‌ಪೋಶರ್, ಆಮೇಲೆ ಕಪ್ಪು-ಬಿಳುಪು, ಬಣ್ಣದ ಮಿಶ್ರಣ, ಕರ್ವ್ (ನೆರಳು-ಬೆಳಕಿನ ಮಟ್ಟ ತಿದ್ದುವ ಗೆರೆ), ಜಾಗ ಜಾಗದ ತಿದ್ದುಪಡಿ, ಕಡೆಗೆ ಶಾರ್ಪನಿಂಗ್. ಕಾಂಟ್ರಾಸ್ಟ್ ಮೊದಲು ಹಾಕಿ ಬಣ್ಣದ ಮಿಶ್ರಣಕ್ಕೆ ಬರುವುದು ಒಗ್ಗರಣೆ ಹಾಕಿದ ಮೇಲೆ ಬೇಳೆ ಬೇಯಿಸಿದ ಹಾಗೆ.

ವೈಟ್ ಬ್ಯಾಲೆನ್ಸನ್ನು ಬಿಡಬೇಡಿ. ಅದನ್ನು ಬೆಚ್ಚಗೆ ಮಾಡಿದರೆ ಬಿಸಿಲು ಬಿದ್ದ ಬಂಡೆ ಕಿತ್ತಳೆಯ ಕಡೆಗೆ ಸರಿಯುತ್ತದೆ, ಮುಂದಿನ ಹಂತದ ಕಿತ್ತಳೆ ಸ್ಲೈಡರಿಗೆ ಹಿಡಿತ ಸಿಗುತ್ತದೆ. ಆದರೆ ಆಕಾಶದ ನೀಲಿ ಸಾಯುವಷ್ಟು ಬೆಚ್ಚಗೆ ಮಾಡಬೇಡಿ.

## ಹಂತ 6: ಬಣ್ಣದ ಸ್ಲೈಡರಿನಿಂದ ಬೂದು ಬಿಡಿಸುವುದು

ಸ್ಯಾಚುರೇಶನ್ ಸೊನ್ನೆ ಮಾಡುವುದು ಕಪ್ಪು-ಬಿಳುಪು ಮಾಡುವ ದಾರಿಯಲ್ಲ. ಯಾವ ಬಣ್ಣ ಎಷ್ಟು ಬೆಳ್ಳಗೆ ಆಗಬೇಕು ಎಂಬ ತೀರ್ಮಾನವನ್ನು ಅದು ಯಂತ್ರಕ್ಕೆ ಬಿಟ್ಟುಕೊಡುತ್ತದೆ. ಲೈಟ್‌ರೂಂನಲ್ಲಿ ಬ್ಲ್ಯಾಕ್ ಆಂಡ್ ವೈಟ್ ಒತ್ತಿ ಮಿಕ್ಸ್ ತೆರೆಯಿರಿ. ಎಂಟು ಬಣ್ಣದ ಸ್ಲೈಡರ್‌ಗಳು ಬರುತ್ತವೆ. ಸ್ನ್ಯಾಪ್‌ಸೀಡ್‌ನ ಬ್ಲ್ಯಾಕ್ ಆಂಡ್ ವೈಟ್ ಟೂಲಿನಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಫಿಲ್ಟರ್ ಬಟನ್ ಇದೆ. ಹಿಡಿತ ಕಡಿಮೆ, ಆದರೆ ಶುರುವಿಗೆ ಸಾಕು. ಡಾರ್ಕ್‌ಟೇಬಲ್‌ನಲ್ಲಿ ಕಲರ್ ಕ್ಯಾಲಿಬ್ರೇಶನ್ ಒಳಗಿನ ಗ್ರೇ ಟ್ಯಾಬ್ ನೋಡಿ.

ಮೊದಲು ಕಿತ್ತಳೆ ಮೇಲಕ್ಕೆ ಒಯ್ಯಿರಿ. ಬೆಳಗಿನ ಬಿಸಿಲಿನ ಬಂಡೆ, ಕೆಮ್ಮಣ್ಣು ಎರಡೂ ಬೆಳಗುತ್ತವೆ. ಆಮೇಲೆ ನೀಲಿ ಕೆಳಕ್ಕೆ. ಆಕಾಶ ಇಳಿಯುತ್ತದೆ, ಮೋಡ ಎದ್ದು ಬರುತ್ತದೆ. ಅದರ ಜೊತೆಗೆ ಬಂಡೆಯ ನೆರಳು ಮುಖವೂ ಕಪ್ಪಾಗುತ್ತದೆ. ಬಂಡೆ ಗುಂಡಗೆ ಕಾಣಿಸುವುದು ಆಗ. ಬಹಳ ಜನ ಇದನ್ನು ಅಂಚುಗಳ ಕಾಂಟ್ರಾಸ್ಟ್ ಏರಿಸುವ ಕ್ಲ್ಯಾರಿಟಿ ಸ್ಲೈಡರಿನಿಂದ ತರಲು ಹೋಗಿ ಕಲ್ಲನ್ನು ಕೊಳಕು ಮಾಡುತ್ತಾರೆ.

ಗಿಡಮರಕ್ಕೆ ಹಸಿರು ಸ್ಲೈಡರ್ ಎಳೆದು ಏನೂ ಆಗಲಿಲ್ಲ ಎನ್ನುವವರು ಹಳದಿ ಎಳೆದು ನೋಡಿ. ಎಲೆಯಲ್ಲಿ, ಹುಲ್ಲಿನಲ್ಲಿ ಕ್ಯಾಮೆರಾ ಕಾಣುವುದು ಜಾಸ್ತಿ ಹಳದಿಯನ್ನೇ. ಚನ್ನಗಿರಿಯ ಅಡಕೆ ತೋಟ, ಚಳ್ಳಕೆರೆಯ ಒಣಹುಲ್ಲಿನ ಕಾವಲು ಎರಡಕ್ಕೂ ಹಳದಿಯೇ ಕೀಲಿ.

ಒಂದು ಕಡೆ ಮಾತ್ರ ಈ ಪಾಕ ತಿರುಗುತ್ತದೆ. ಜೋಗಿಮಟ್ಟಿಯ ಮೇಲಿಂದ ಗುಡ್ಡದ ಹಿಂದೆ ಗುಡ್ಡ ಪದರವಾಗಿ ಕಾಣುವಾಗ ದೂರದ ಗುಡ್ಡಗಳು ಮಬ್ಬಿನಿಂದ ನೀಲಿಯಾಗಿರುತ್ತವೆ. ನೀಲಿ ಕೆಳಗೆ ಎಳೆದರೆ ಅವು ಕಪ್ಪಾಗಿ ಹತ್ತಿರದ ಗುಡ್ಡಕ್ಕೆ ಅಂಟುತ್ತವೆ, ದೂರ ಅನ್ನುವುದೇ ಹೋಗುತ್ತದೆ. ಅಲ್ಲಿ ನೀಲಿಯನ್ನು ಸ್ವಲ್ಪ ಮೇಲಕ್ಕೆ ಒಯ್ಯಿರಿ. ಮಬ್ಬು ತೆಗೆಯುವ ಡಿಹೇಝ್ ಸ್ಲೈಡರ್ ಮುಟ್ಟಬೇಡಿ.

ನಿಲ್ಲಿಸಬೇಕೆಂದು ಹೇಳುವ ಗುರುತುಗಳು:

- ಬೆಟ್ಟದ ಅಂಚಿನಲ್ಲಿ ಬಿಳಿ ಗೆರೆ ಬಂದರೆ ನೀಲಿ ಕೆಳಗೆ ಎಳೆದದ್ದು ಅತಿಯಾಗಿದೆ.
- ಆಕಾಶದಲ್ಲಿ ಮರಳು ಚೆಲ್ಲಿದಂಥ ನಾಯ್ಸ್ ಅಥವಾ ಪಟ್ಟೆ ಕಂಡರೂ ಅದೇ ಕಾರಣ.
- ಅಕ್ಕಪಕ್ಕದ ಎರಡು ಸ್ಲೈಡರ್ ತೀರ ವಿರುದ್ಧ ದಿಕ್ಕಿಗೆ ಹೋಗಿದ್ದರೆ, ಉದಾಹರಣೆಗೆ ಕಿತ್ತಳೆ +60, ಹಳದಿ -60, ಕಲ್ಲಿನ ಮೇಲೆ ಚರ್ಮರೋಗದಂಥ ಕಲೆ ಏಳುತ್ತದೆ.

ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ಅಂಚುಗಳನ್ನು ನೋಡಿದ ಮೇಲೆಯೇ ಮುಂದೆ ಹೋಗಿ.

## ಹಂತ 7: ಕರ್ವ್, ಆಮೇಲೆ ಜಾಗ ಜಾಗದ ಕೆಲಸ

ಬೂದುಗಳು ಬಿಡಿಸಿಕೊಂಡಿದ್ದರೆ ಕಾಂಟ್ರಾಸ್ಟ್ ಬಹಳ ಕಡಿಮೆ ಸಾಕು. ಕರ್ವ್‌ನಲ್ಲಿ ನೆರಳಿನ ಭಾಗ ಸ್ವಲ್ಪ ಕೆಳಗೆ, ಬೆಳಕಿನ ಭಾಗ ಸ್ವಲ್ಪ ಮೇಲೆ. ಪೂರ್ತಿ ಕಪ್ಪು ಒಂದೆರಡು ಬಿರುಕು, ಗುಹೆಬಾಯಿಯಷ್ಟಕ್ಕೆ ಇರಲಿ.

ಈಗ ಡಾಡ್ಜ್ ಮತ್ತು ಬರ್ನ್, ಅಂದರೆ ಬೇಕಾದ ಜಾಗ ಬೆಳಗಿಸಿ, ಬೇಡದ ಜಾಗ ಕಪ್ಪಾಗಿಸುವುದು. ಸ್ನ್ಯಾಪ್‌ಸೀಡ್‌ನ ಬ್ರಷ್ ಟೂಲಿನಲ್ಲಿ ಇದೇ ಹೆಸರಿನ ಆಯ್ಕೆ ಇದೆ. ಅತಿ ಕಡಿಮೆ ಬಲ ಇಟ್ಟು, ಒಂದೇ ಜಾಗಕ್ಕೆ ಎರಡು ಮೂರು ಸಲ ಹಾಯಿಸಿ. ದೊಡ್ಡ ಜಾಗದಿಂದ ಸಣ್ಣದಕ್ಕೆ ಬನ್ನಿ: ಮೊದಲು ಆಕಾಶದ ಮೇಲಂಚು, ಮುಂಭಾಗದ ಮೂಲೆಗಳು; ಆಮೇಲೆ ಬತೇರಿ; ಕಡೆಗೆ ಅದರ ಬಿಸಿಲಂಚು. ಹಂತ 3ರಲ್ಲಿ ತೀರ್ಮಾನಿಸಿದ ಆ ಒಂದು ಜಾಗಕ್ಕೆ ಕಣ್ಣು ಹೋಗುವಂತೆ ಮಾಡುವುದಷ್ಟೇ ಇಲ್ಲಿಯ ಗುರಿ. ಇರುವ ಬೆಳಕನ್ನು ಹೆಚ್ಚಿಸಿ. ಬೆಳಕೇ ಇಲ್ಲದ ಕಡೆ ಹೊಸದಾಗಿ ಹುಟ್ಟಿಸಬೇಡಿ. ನೆರಳು ಬಲಕ್ಕೆ ಬಿದ್ದಿರುವಾಗ ಬಂಡೆಯ ಬಲ ಮುಖವನ್ನು ಬೆಳಗಿಸಿದರೆ ನೋಡುವವರಿಗೆ ಏನೋ ಸುಳ್ಳು ಎಂದು ತಿಳಿದೇ ತಿಳಿಯುತ್ತದೆ.

ಎಚ್‌ಡಿಆರ್ ಸ್ಕೇಪ್, ಸ್ಟ್ರಕ್ಚರ್ ಇಂಥ ವಿವರ ಒರಟಾಗಿಸುವ ಟೂಲ್‌ಗಳಿಂದ ದೂರ ಇರಿ. ಕೋಟೆಯ ಕಲ್ಲಿಗೆ ಮೊದಲೇ ಬೇಕಾದಷ್ಟು ಒರಟುತನ ಇದೆ.

## ಹಂತ 8: ಪರೀಕ್ಷೆ ಮತ್ತು ಪ್ರಿಂಟ್

ಫೋಟೊವನ್ನು ಅಂಚೆಚೀಟಿ ಗಾತ್ರಕ್ಕೆ ಇಳಿಸಿ ನೋಡಿ. ಆಕಾರಗಳು ಆಗಲೂ ಬಿಡಿಬಿಡಿಯಾಗಿ ಕಂಡರೆ ಸರಿ. ಮುದ್ದೆಯಾಗಿ ಕಂಡರೆ ಹಂತ 6ಕ್ಕೆ ಹಿಂದಿರುಗಿ, ಕಾಂಟ್ರಾಸ್ಟಿಗಲ್ಲ. ಒಂದು ರಾತ್ರಿ ಬಿಟ್ಟು ಮತ್ತೆ ನೋಡಿದರೆ ಎಳೆದದ್ದು ಜಾಸ್ತಿಯಾಗಿದೆಯೇ ಎಂದು ಗೊತ್ತಾಗುತ್ತದೆ.

ಶಾರ್ಪನಿಂಗ್ ಕಡೆಯಲ್ಲಿ, ಸ್ವಲ್ಪವೇ. ಆಕಾಶಕ್ಕೆ ಬೇಡ.

ಪ್ರಿಂಟ್ ಹಾಕಿಸುವಾಗ ಎರಡು ತೊಂದರೆ ಎದುರಾಗುತ್ತವೆ. ಫೋನಿನ ಪರದೆ ಪೂರ್ತಿ ಬೆಳಕಿನಲ್ಲಿ ಇಟ್ಟು ಎಡಿಟ್ ಮಾಡಿದ್ದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ಕೆಲಸ ಮಾಡಿ. ಇನ್ನೊಂದು, ಲ್ಯಾಬ್‌ನಲ್ಲಿ ಕಲರ್ ಪೇಪರಿನ ಮೇಲೆ ಹಾಕುವುದರಿಂದ ಬೂದಿನಲ್ಲಿ ಹಸಿರು ಅಥವಾ ನೇರಳೆ ಛಾಯೆ ಬರಬಹುದು. ಫೈಲನ್ನು ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾದರಿಯಲ್ಲಿ ಕೊಡಿ, ಲ್ಯಾಬ್‌ನವರಿಗೆ ಆಟೋ ಕರೆಕ್ಷನ್ ಆಫ್ ಮಾಡಲು ಹೇಳಿ. ಮೊದಲು 4x6 ಇಂಚಿನಲ್ಲಿ ಎರಡು ಪ್ರತಿ ಹಾಕಿಸಿ: ಒಂದು ಇದ್ದ ಹಾಗೆ, ಇನ್ನೊಂದು ಎಕ್ಸ್‌ಪೋಶರ್ 0.3 ಹೆಚ್ಚಿಸಿ. ಎರಡನ್ನೂ ಟ್ಯೂಬ್‌ಲೈಟಿನ ಕೆಳಗೆ ನೋಡದೆ, ಹಗಲಿನಲ್ಲಿ ಕಿಟಕಿಯ ಹತ್ತಿರ ಹಿಡಿದು ನೋಡಿ. ನೆರಳಿನಲ್ಲಿ ಕಲ್ಲಿನ ಗೀರು ಕಾಣುವ ಪ್ರತಿ ಯಾವುದೋ ಅದರ ಫೈಲನ್ನು ದೊಡ್ಡದಾಗಿ, ಮ್ಯಾಟ್ ಪೇಪರಿನಲ್ಲಿ ಹಾಕಿಸಿ.